ತೌರಿಲ್ಲದವರ ತೌರು: ಪಂಡಿತಾ ರಮಾಬಾಯಿ

ಹಳ್ಳಿಯ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿಕೊಂಡ ಹಾಡುಗಳಲ್ಲಿ ತೌರಿನಷ್ಟು ಮತ್ತೆ ಮತ್ತೆ ಬರುವ ಮಾತು ಇನ್ನೊಂದಿಲ್ಲ. ಗಂಡನ ಮನೆ ಎಷ್ಟೇ ಕಠಿಣವಾಗಿರಲಿ, ಅತ್ತೆಯ ನಾಲಗೆ ಎಷ್ಟೇ ಹರಿತವಾಗಿರಲಿ, ದೂರದಲ್ಲಿ ತನ್ನದೆಂಬ ಒಂದು ಹೊಸ್ತಿಲಿದೆ, ಅಲ್ಲಿ ತಾಯಿಯಿದ್ದಾಳೆ, ಹಬ್ಬಕ್ಕೆ ಕರೆಯಲು ಅಣ್ಣ ಬರುತ್ತಾನೆ ಎಂಬ ನಂಬಿಕೆಯೇ ಆ ಹಾಡುಗಳ ಜೀವ. ತರಗತಿಯಲ್ಲಿ ಅವುಗಳನ್ನು ಪಾಠ ಹೇಳುವಾಗಲೆಲ್ಲ ನನಗೊಂದು ಪ್ರಶ್ನೆ ಎದುರಾಗುತ್ತದೆ. ತೌರೇ ಇಲ್ಲದವಳ ಪಾಡೇನು? ಗಂಡನ ಹೊಡೆತ ತಾಳಲಾರದೆ ಹೊರಬಿದ್ದವಳನ್ನು ತೌರಿನವರೇ ಮರಳಿ ಅಟ್ಟಿದರೆ ಆಕೆ ಯಾವ ದಾರಿ ಹಿಡಿಯಬೇಕು? ಎಂಟು ಹತ್ತು ವರುಷಕ್ಕೇ ವಿಧವೆಯಾಗಿ, ಕೇಶಮುಂಡನ ಮಾಡಿಸಿಕೊಂಡು, ಎರಡು ಮನೆಗಳಿಗೂ ಅಪಶಕುನವಾದವಳಿಗೆ ಯಾರು ಬಾಗಿಲು ತೆರೆಯಬೇಕು?

ಈ ಪ್ರಶ್ನೆಗೆ ಕಲ್ಲುಗಾರೆಯ ಮನೆಗಳನ್ನು ಕಟ್ಟಿ ಉತ್ತರ ಕೊಟ್ಟ ಮಹಿಳೆಯೊಬ್ಬರು ನಮ್ಮ ಸಹ್ಯಾದ್ರಿಯ ಕಾಡಿನಲ್ಲೇ ಹುಟ್ಟಿದರು. ಅವರೇ ಪಂಡಿತಾ ರಮಾಬಾಯಿ. ಪುಣೆ, ಮುಂಬಯಿಗಳ ಇತಿಹಾಸದಲ್ಲಿ ಅವರ ಹೆಸರು ದೊಡ್ಡದು. ಆದರೆ ಅವರು ಕಣ್ದೆರೆದ ಗಂಗಾಮೂಲ ಇಂದಿನ ಚಿಕ್ಕಮಗಳೂರು ಜಿಲ್ಲೆಯದೆಂಬುದನ್ನು, ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಆ ಬೆಟ್ಟದಲ್ಲಿಯೇ ಅವರ ಬಾಳೂ ಹುಟ್ಟಿತೆಂಬುದನ್ನು ನಮ್ಮಲ್ಲಿ ಬಲ್ಲವರು ಕಡಮೆ.

ತಂದೆ ಅನಂತಶಾಸ್ತ್ರಿ ಡೋಂಗರೆಯವರದು ಕಾರ್ಕಳದ ಬಳಿಯ ಮಾಳದಲ್ಲಿ ನೆಲಸಿದ, ಮರಾಠಿ ಮನೆಮಾತಿನ ಚಿತ್ಪಾವನ ಕುಟುಂಬ. ತಾರುಣ್ಯದಲ್ಲಿ ಅವರು ಶಾಸ್ತ್ರಾಧ್ಯಯನಕ್ಕೆಂದು ಪುಣೆಗೆ ಹೋಗಿದ್ದರು. ಅಲ್ಲಿ ಅವರ ಗುರುಗಳು ಪೇಶ್ವೆಯ ಅರಮನೆಗೆ ಹೋಗಿ ರಾಣಿಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಣ್ಣಿನ ಬಾಯಲ್ಲಿ ಶುದ್ಧವಾದ ಸಂಸ್ಕೃತ ಶ್ಲೋಕ ಕೇಳಿದ ಆ ಯುವಕನಿಗೆ ಆಶ್ಚರ್ಯವಾಯಿತು. ತನ್ನ ಮನೆಯ ಹೆಣ್ಣಿಗೂ ಇದನ್ನು ಕಲಿಸಬೇಕೆಂಬ ಸಂಕಲ್ಪ ಹುಟ್ಟಿತು. ಮೊದಲ ಹೆಂಡತಿಗೆ ಕಲಿಸಹೋದಾಗ ಮನೆಯ ಹಿರಿಯರು ಅಡ್ಡ ಬಂದರು. ಆಕೆ ತೀರಿಕೊಂಡ ಮೇಲೆ, ನಡುವಯಸ್ಸು ದಾಟುತ್ತಿದ್ದ ಶಾಸ್ತ್ರಿಗಳಿಗೆ ಗೋದಾವರಿಯ ತೀರದಲ್ಲಿ ಯಾತ್ರಿಕನೊಬ್ಬನ ಪರಿಚಯವಾಯಿತು. ಮರುದಿನವೇ ಆತ ತನ್ನ ಒಂಬತ್ತು ವರುಷದ ಮಗಳನ್ನು ಇವರಿಗೆ ಧಾರೆಯೆರೆದು ಕೊಟ್ಟು ತನ್ನ ದಾರಿ ಹಿಡಿದ. ಆ ಹುಡುಗಿಯೇ ಲಕ್ಷ್ಮೀಬಾಯಿ. ಬಾಲ್ಯವಿವಾಹದ ಅನಿಷ್ಟಗಳನ್ನು ಮುಂದೆ ಲೋಕಕ್ಕೆ ಸಾರಿದ ರಮಾಬಾಯಿಯವರು ಇಂಥದೊಂದು ಬಾಲ್ಯವಿವಾಹದ ಫಲವೇ ಆಗಿದ್ದರೆಂಬುದು ವಿಧಿಯ ವಿಚಿತ್ರ. ಈ ವಧುವಿನ ಅದೃಷ್ಟ ಮಾತ್ರ ಬೇರೆ. ಆಕೆಯ ಗಂಡ ಆಕೆಗೆ ಗುರುವೂ ಆದ.

ಹೆಂಡತಿಗೆ ದೇವಭಾಷೆ ಕಲಿಸಿದ ಅಪರಾಧಕ್ಕಾಗಿ ಶಾಸ್ತ್ರಿಗಳು ಉಡುಪಿಯ ವಿದ್ವತ್ಸಭೆಯ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಶಾಸ್ತ್ರಗಳ ಆಧಾರದಿಂದಲೇ ಅವರು ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ಬಳಿಕ ನಿಂದೆಯ ಮಾತು ತಟ್ಟದ ಗಂಗಾಮೂಲದ ಕಾಡಿಗೆ ಹೋಗಿ ಗುಡಿಸಲು ಕಟ್ಟಿದರು. ಮಕ್ಕಳು, ಶಿಷ್ಯರು, ಅತಿಥಿಗಳು ಅಲ್ಲಿಗೆ ಬಂದು ಸೇರಿದರು. ೧೮೫೮ರ ಏಪ್ರಿಲ್ ೨೩ರಂದು ರಮಾ ಹುಟ್ಟಿದ್ದು ಆ ಆಶ್ರಮದಲ್ಲಿ. ಹೆಣ್ಣಿನ ಕಲಿಕೆಗೆ ಊರಿನಲ್ಲಿ ಎಡೆಯಿಲ್ಲವೆಂದು ಕಾಡಿನಲ್ಲಿ ಎಡೆ ಮಾಡಿಕೊಂಡ ಆ ಗುಡಿಸಲನ್ನು, ಮಗಳು ಮುಂದೆ ಕಟ್ಟಿದ ಸದನಗಳ ಮೂಲರೂಪವೆಂದು ಕರೆದರೆ ತಪ್ಪಾಗಲಾರದು.

ಆ ನೆಲೆಯೂ ಬಹುಕಾಲ ಉಳಿಯಲಿಲ್ಲ. ಬಂದವರಿಗೆಲ್ಲ ಅನ್ನವಿಕ್ಕಿ ಶಾಸ್ತ್ರಿಗಳ ಆಸ್ತಿ ಕರಗಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಕೂಸನ್ನು ಬೆಟ್ಟದಿಂದ ಇಳಿಸಿದರು. ಅಂದಿನಿಂದ ಆ ಕುಟುಂಬಕ್ಕೆ ಮನೆಯೆಂಬುದು ಇರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಾಲಯದ ಮಂಟಪದಲ್ಲಿ ಪುರಾಣ ಓದುವುದು, ಕೇಳಿದವರು ಇಟ್ಟ ಅಕ್ಕಿ ಕಾಸುಗಳಲ್ಲಿ ಬದುಕುವುದು. ತಂದೆಗೆ ವಯಸ್ಸಾಗಿ ದೃಷ್ಟಿ ಮಂದವಾಗಿದ್ದುದರಿಂದ ಮಗಳಿಗೆ ಪಾಠ ಹೇಳಿದವರು ತಾಯಿ. ಬೆಳಕು ಹರಿಯುವ ಮುನ್ನವೇ ಮಲಗಿದ್ದ ಮಗುವನ್ನು ಎಬ್ಬಿಸಿ, ಮಡಿಲಲ್ಲಿ ಕೂರಿಸಿಕೊಂಡು ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಭಾಗವತದ ೧೮,೦೦೦ ಶ್ಲೋಕಗಳು ರಮಾಳ ನಾಲಗೆಯಲ್ಲಿ ನೆಲಸಿದುದು ಹೀಗೆ.

೧೮೭೪ರ ಸುಮಾರಿನಲ್ಲಿ ದಕ್ಷಿಣದಲ್ಲಿ ಬರಗಾಲ ತಲೆದೋರಿತು. ಪುರಾಣ ಕೇಳುವವರಿಗೇ ಅನ್ನವಿಲ್ಲದಾಗ ಹೇಳುವವರಿಗೆ ಯಾರು ಕೊಟ್ಟಾರು? ಭಿಕ್ಷೆಗೆ ಕೈಯೊಡ್ಡಲು ಒಗ್ಗದ, ಕೂಲಿಯ ಕೆಲಸವರಿಯದ ಆ ವಿದ್ವಾಂಸರ ಕುಟುಂಬ ಎಲೆ ಕಾಯಿಗಳನ್ನು ತಿಂದು ದಿನ ನೂಕಿತು. ಮೊದಲು ತಂದೆ, ಕೆಲವೇ ವಾರಗಳಲ್ಲಿ ತಾಯಿ, ಬಳಿಕ ಅಕ್ಕ ತೀರಿಕೊಂಡರು. ತಾಯಿಯ ಹೆಣ ಹೊರಲು ನಾಲ್ಕು ಜನ ದೊರೆಯಲಿಲ್ಲ. ಇಬ್ಬರು ಬ್ರಾಹ್ಮಣರು ಕನಿಕರಿಸಿ ಬಂದರು. ಅಣ್ಣ ಶ್ರೀನಿವಾಸ ಮೂರನೆಯವನು. ನಾಲ್ಕನೆಯ ಹೆಗಲು ಹದಿಹರೆಯದ ರಮಾಳದೇ ಆಗಬೇಕಾಯಿತು. ಎತ್ತರ ಸಾಲದೆ ಆಕೆ ಚಟ್ಟದ ತನ್ನ ಬದಿಯನ್ನು ತಲೆಯ ಮೇಲೆ ಹೊತ್ತು ಮಸಣದವರೆಗೆ ನಡೆದಳು. ಹೊತ್ತ ಆ ಭಾರವನ್ನು ಒಂದು ಅರ್ಥದಲ್ಲಿ ಆಕೆ ಮತ್ತೆ ಇಳಿಸಲೇ ಇಲ್ಲ. ಹಸಿದ ಹೆಣ್ಣಿಗೆ ಲೋಕ ಎಷ್ಟು ಅಪಾಯದ ಸ್ಥಳವೆಂಬುದನ್ನು ಆಕೆ ಪುಸ್ತಕ ನೋಡಿ ತಿಳಿಯಬೇಕಾಗಿರಲಿಲ್ಲ.

ಉಳಿದ ಅಣ್ಣ ತಂಗಿಯರು ಸಾವಿರಾರು ಮೈಲಿ ನಡೆದು ೧೮೭೮ರಲ್ಲಿ ಕಲಕತ್ತೆಗೆ ಬಂದರು. ಇಪ್ಪತ್ತರ ಹರೆಯದ ಅವಿವಾಹಿತೆಯೊಬ್ಬಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವುದನ್ನು ಕಂಡು ಅಲ್ಲಿಯ ಪಂಡಿತರು ಬೆರಗಾದರು. ಆಕೆಯನ್ನು ಪರೀಕ್ಷಿಸಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. ಅಲ್ಲಿಯ ಸ್ತ್ರೀಯರಿಗೆ ಉಪನ್ಯಾಸ ಮಾಡುವುದಕ್ಕಾಗಿ ಧರ್ಮಶಾಸ್ತ್ರಗಳನ್ನು ಓದಿದಾಗ ರಮಾಬಾಯಿಯವರಿಗೆ ಹೊಸದೊಂದು ಸಂಶಯ ಮೂಡಿತು. ಒಂದೊಂದು ವಿಷಯದಲ್ಲಿ ಒಂದೊಂದು ಮತ ಹೇಳುವ ಆ ಗ್ರಂಥಗಳೆಲ್ಲ ಹೆಣ್ಣನ್ನು ಕೀಳೆಂದೆಣಿಸುವ ವಿಷಯದಲ್ಲಿ ಮಾತ್ರ ಒಮ್ಮತವಾಗಿರುವಂತೆ ಅವರಿಗೆ ತೋರಿತು.

೧೮೮೦ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ರಮಾಬಾಯಿಯವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ರಿಜಿಸ್ಟರ್ ವಿವಾಹವಾದರು. ವರ ಬ್ರಾಹ್ಮಣರಲ್ಲ, ಪ್ರಾಂತ ಬೇರೆ, ಭಾಷೆ ಬೇರೆ. ೧೮೮೧ರಲ್ಲಿ ಮಗಳು ಮನೋರಮೆ ಹುಟ್ಟಿದಳು. ೧೮೮೨ರ ಫೆಬ್ರವರಿಯಲ್ಲಿ ಪತಿ ವಾಂತಿಭೇದಿಯಿಂದ ಮೃತರಾದರು. ಇಪ್ಪತ್ತನಾಲ್ಕು ತುಂಬುವ ಮೊದಲೇ ರಮಾಬಾಯಿಯವರು ತಂದೆ, ತಾಯಿ, ಒಡಹುಟ್ಟಿದವರು, ಗಂಡ ಯಾರೂ ಇಲ್ಲದವರಾದರು. ಕಂಕುಳಲ್ಲಿ ಕೂಸೊಂದಿತ್ತು. ತೌರೂ ಇಲ್ಲ, ಅತ್ತೆಯ ಮನೆಯೂ ಇಲ್ಲ.

ಅವರು ಪುಣೆಗೆ ಬಂದರು. ಅದೇ ವರ್ಷ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು, ಸ್ತ್ರೀಧರ್ಮನೀತಿ ಎಂಬ ಮರಾಠಿ ಗ್ರಂಥವನ್ನು ಪ್ರಕಟಿಸಿದರು. ಹಂಟರರ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳ ಶಾಲೆಗಳಿಗೆ ಸ್ತ್ರೀ ಇನ್ಸ್‌ಪೆಕ್ಟರುಗಳು ಬೇಕು, ಸ್ತ್ರೀಯರಿಗೆ ವೈದ್ಯಶಿಕ್ಷಣ ಬೇಕು ಎಂದು ವಾದಿಸಿದರು. ತಾವೇ ವೈದ್ಯೆಯಾಗಬೇಕೆಂಬ ಹಂಬಲದಿಂದ, ಪುಸ್ತಕದಿಂದ ಬಂದ ಹಣವನ್ನು ಕೂಡಿಸಿಕೊಂಡು ೧೮೮೩ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು.

ಅಲ್ಲಿ ಆದುದು ಬೇರೆ. ಕಿವಿ ಮಂದವಾಗುತ್ತ ಬಂದುದರಿಂದ ವೈದ್ಯವಿದ್ಯೆ ಕೈತಪ್ಪಿತು. ವಾಂಟೇಜಿನ ಕ್ರೈಸ್ತ ಸಂನ್ಯಾಸಿನಿಯರ ಆಶ್ರಯದಲ್ಲಿದ್ದ ಅವರು ೧೮೮೩ರ ಸೆಪ್ಟೆಂಬರಿನಲ್ಲಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ಆ ಸಂನ್ಯಾಸಿನಿಯರು ಲಂಡನ್ನಿನ ಫುಲ್ಹಮಿನಲ್ಲಿ ಒಂದು ಆಶ್ರಯಗೃಹ ನಡೆಸುತ್ತಿದ್ದರು. ಸಮಾಜ ಪತಿತೆಯರೆಂದು ನೂಕಿದ ಹೆಂಗಸರನ್ನು ಅಲ್ಲಿ ಅನ್ನ ಬಟ್ಟೆ ಕೊಟ್ಟು, ಕೆಲಸ ಕಲಿಸಿ, ಅಕ್ಕತಂಗಿಯರಂತೆ ಕಾಣುತ್ತಿದ್ದರು. ದಾರಿ ತಪ್ಪಿದವಳಿಗೆ ಪ್ರಾಯಶ್ಚಿತ್ತವೇ ಇಲ್ಲವೆನ್ನುವ ಸಮಾಜದಲ್ಲಿ ಬೆಳೆದಿದ್ದ ರಮಾಬಾಯಿಯವರನ್ನು ಈ ದೃಶ್ಯ ಅಲುಗಾಡಿಸಿತು. ತಮ್ಮ ನಾಡಿಗೂ ಇಂಥ ಮನೆ ಬೇಕೆಂಬ ಯೋಚನೆಗೆ ಇಲ್ಲಿ ರೂಪ ಬಂತು.

ಮತ ಬದಲಾದರೂ ಮನಸ್ಸು ಯಾರಿಗೂ ಅಧೀನವಾಗಲಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಚೆಲ್ಟನಮ್ಮಿನ ಮಹಿಳಾ ಕಾಲೇಜಿನಲ್ಲಿದ್ದಾಗ, ಅವರು ತರುಣರಿಗೆ ಪಾಠ ಹೇಳಕೂಡದೆಂದು ಬಿಷಪ್ಪರು ಆಕ್ಷೇಪಿಸಿದರು. ತಮ್ಮ ನಾಡಿನಲ್ಲಿ ಗಂಡಸರ ಸಭೆಗಳಲ್ಲೇ ಮಾತಾಡಿ ಬಂದವರು ಈ ಕಟ್ಟಳೆಗೆ ತಲೆಬಾಗಲಿಲ್ಲ. ಸಸ್ಯಾಹಾರವನ್ನು, ಬಿಳಿಯ ಸೀರೆಯನ್ನು ಕೊನೆಯವರೆಗೂ ಬಿಡಲಿಲ್ಲ. ಉಡುಪಿಯ ಸಭೆಗೆ ಉತ್ತರ ಕೊಟ್ಟ ತಂದೆಯ ಮಗಳು ಇಂಗ್ಲೆಂಡಿನ ಧರ್ಮಾಧಿಕಾರಿಗಳಿಗೂ ಉತ್ತರ ಕೊಟ್ಟಳು.

೧೮೮೬ರಲ್ಲಿ ಆನಂದೀಬಾಯಿ ಜೋಶಿಯವರು ವೈದ್ಯಪದವಿ ಪಡೆಯುವ ಸಮಾರಂಭಕ್ಕೆಂದು ಅಮೆರಿಕದ ಫಿಲಡೆಲ್ಫಿಯಕ್ಕೆ ಹೋದ ರಮಾಬಾಯಿಯವರು ಆ ದೇಶದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಸಂಚರಿಸಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯ ಬಾಳನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದು, ೧೮೮೭ರಲ್ಲಿ ಪ್ರಕಟಿಸಿ, ತಾಯಿ ಲಕ್ಷ್ಮೀಬಾಯಿಯ ನೆನಪಿಗೆ ಅರ್ಪಿಸಿದರು. ಬಾಲ್ಯವಿವಾಹ, ಗಂಡನ ಮನೆಯ ದಬ್ಬಾಳಿಕೆ, ವೈಧವ್ಯದ ಯಾತನೆ ಎಲ್ಲವನ್ನೂ ಅಲ್ಲಿ ಒಂದೊಂದಾಗಿ ನಿರೂಪಿಸಿದರು. ಆಗ ಮುಂಬಯಿಯಲ್ಲಿ ರಖಮಾಬಾಯಿಯ ಮೊಕದ್ದಮೆ ನಡೆದಿತ್ತು. ಹನ್ನೊಂದನೆಯ ವಯಸ್ಸಿನಲ್ಲಿ ಆದ ಮದುವೆಯನ್ನು ತಾನು ಒಪ್ಪೆನೆಂದ ಆಕೆಗೆ, ಗಂಡನ ಬಳಿಗೆ ಹೋಗಬೇಕು ಇಲ್ಲವೆ ಆರು ತಿಂಗಳು ಸೆರೆಮನೆಯಲ್ಲಿರಬೇಕೆಂದು ನ್ಯಾಯಾಲಯ ವಿಧಿಸಿತು. ಮನೆಯೊಳಗಿನ ಬಲಾತ್ಕಾರಕ್ಕೆ ಸರಕಾರದ ಕಾನೂನೂ ಕೈಜೋಡಿಸುವುದೆಂಬುದನ್ನು ರಮಾಬಾಯಿಯವರು ಈ ನಿದರ್ಶನದಿಂದ ಎತ್ತಿ ತೋರಿಸಿದರು. ಓಡಿಹೋಗಲು ಒಂದು ಮನೆಯೂ, ಹೋದ ಮೇಲೆ ಸ್ವಂತ ಕಾಲಮೇಲೆ ನಿಲ್ಲಲು ಒಂದು ಕಸುಬೂ ಇಲ್ಲದೆ ಹೆಣ್ಣಿಗೆ ಸ್ವಾತಂತ್ರ್ಯದ ಮಾತು ಬರಿಯ ಮಾತಷ್ಟೇ ಎಂಬುದು ಅವರ ನಿಶ್ಚಯವಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಬೋಸ್ಟನ್ನಿನಲ್ಲಿ ಸ್ಥಾಪಿತವಾದ ರಮಾಬಾಯಿ ಸಂಘವು, ಮತಬೋಧನೆ ಮಾಡದ ವಿಧವಾಗೃಹವೊಂದಕ್ಕೆ ಹತ್ತು ವರ್ಷ ನೆರವು ನೀಡಲು ಒಪ್ಪಿತು.

೧೮೮೯ರ ಮಾರ್ಚಿ ೧೧ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನದ ಬಾಗಿಲು ತೆರೆಯಿತು. ಮೊದಲು ಬಂದವರಲ್ಲಿ ಗೋದೂಬಾಯಿ ಎಂಬ ತರುಣ ವಿಧವೆಯೊಬ್ಬಳು. ಆಕೆಯನ್ನೇ ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರು ವಿವಾಹವಾದರು. ಆನಂದೀಬಾಯಿ ಕರ್ವೆ ಎಂಬ ಹೆಸರಿನಿಂದ ಆಕೆ ಪ್ರಸಿದ್ಧಳಾದಳು. ಸದನದಲ್ಲಿ ಬ್ರಾಹ್ಮಣ ವಿಧವೆಯರ ಮಡಿ ಆಚಾರಗಳಿಗೆ ಅಡ್ಡಿಯಿರಲಿಲ್ಲ. ಅಡಿಗೆಗೂ ಅದಕ್ಕೆ ತಕ್ಕ ಏರ್ಪಾಡಿತ್ತು. ತಲೆ ಬೋಳಾಗಿ, ಮೂಲೆಯ ಕತ್ತಲಲ್ಲಿ ಒಂದೂಟದ ಮೇಲೆ ಬದುಕಿದ್ದ ಹುಡುಗಿಯರು ಇಲ್ಲಿಗೆ ಬಂದು ಓದಿದರು, ಹೂ ಮುಡಿದರು, ನಕ್ಕರು. ಬೈಗುಳವಿಲ್ಲದೆ ಹೊಟ್ಟೆ ತುಂಬ ಉಣ್ಣುವುದೇ ಹಲವರಿಗೆ ಹೊಸ ಅನುಭವವಾಗಿತ್ತು. ಸದನ ೧೮೯೦ರಲ್ಲಿ ಪುಣೆಗೆ ಬಂತು. ರಾನಡೆ, ಭಂಡಾರ್‌ಕರ್ ಮುಂತಾದ ಸುಧಾರಕರು ಅದರ ಸಲಹಾಮಂಡಲಿಯಲ್ಲಿದ್ದರು.

ಬಿರುಗಾಳಿ ಎದ್ದುದು ಒಂದು ಬಾಗಿಲಿನ ವಿಷಯಕ್ಕೆ. ರಮಾಬಾಯಿಯವರು ಬೆಳಗಿನ ಹೊತ್ತು ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥನೆ ಮಾಡುತ್ತಿದ್ದರು. ಬಾಗಿಲು ತೆರೆದಿರುತ್ತಿತ್ತು. ಕೆಲವು ಹುಡುಗಿಯರು ತಾವಾಗಿ ಬಂದು ಕೂರತೊಡಗಿದರು. ಇದು ಗುಪ್ತವಾದ ಮತಪ್ರಚಾರವೆಂದು ಪುಣೆಯಲ್ಲಿ ಕೂಗೆದ್ದಿತು. ತಿಲಕರ ಕೇಸರಿ ಪತ್ರಿಕೆ ಉಗ್ರವಾಗಿ ಟೀಕಿಸಿತು. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಬೇಕೆಂಬ ಒತ್ತಾಯಕ್ಕೆ ರಮಾಬಾಯಿಯವರು ಮಣಿಯಲಿಲ್ಲ. ೧೮೯೩ರಲ್ಲಿ ರಾನಡೆ, ಭಂಡಾರ್‌ಕರರು ಮಂಡಲಿಯನ್ನು ಬಿಟ್ಟರು. ಅನೇಕ ತಂದೆತಾಯಿಗಳು ಮಕ್ಕಳನ್ನು ಸದನದಿಂದ ಬಿಡಿಸಿ ಕರೆದೊಯ್ದರು.

ಈ ಪ್ರಸಂಗದಲ್ಲಿ ತೀರ್ಪು ಕೊಡುವುದು ಸುಲಭವಲ್ಲ. ಮತಬೋಧನೆಯಿಲ್ಲವೆಂಬ ಮಾತನ್ನು ನಂಬಿ ಮಗಳನ್ನು ಕಳಿಸಿದ ತಂದೆಯ ಕಳವಳ ಸುಳ್ಳಲ್ಲ. ಬೇರೆ ಗತಿಯಿಲ್ಲದವಳು, ತನಗೆ ಅನ್ನ ಕೊಟ್ಟ ಗುರುವಿನ ದೇವರ ಕಡೆಗೆ ವಾಲುವುದನ್ನು ಪೂರ್ತಿ ಸ್ವತಂತ್ರವಾದ ಆಯ್ಕೆಯೆನ್ನಬಹುದೇ ಎಂಬ ಪ್ರಶ್ನೆಯೂ ನ್ಯಾಯವಾದುದೇ. ಆದರೆ ಅಂದು ಕೂಗೆಬ್ಬಿಸಿದವರಲ್ಲಿ ಎಷ್ಟು ಮಂದಿ ಆ ಹುಡುಗಿಯರಿಗೆ ತಮ್ಮ ಮನೆಯ ಬಾಗಿಲನ್ನು ತೆರೆದಿದ್ದರು ಎಂದು ನಾವು ಕೇಳಬೇಕಾಗುತ್ತದೆ. ಈ ಪ್ರಶ್ನೆಗೆ ಕೃತಿಯಿಂದ ಉತ್ತರ ಕೊಟ್ಟವರು ಕರ್ವೆಯವರು. ೧೮೯೬ರಲ್ಲಿ ಅವರು ಹಿಂದೂ ವಿಧವೆಯರಿಗಾಗಿ ಪುಣೆಯಲ್ಲಿ ಬೇರೊಂದು ಆಶ್ರಮ ತೆರೆದರು. ಶಾರದಾ ಸದನದ ವಿದ್ಯಾರ್ಥಿನಿಯೇ ಅವರ ಸಹಧರ್ಮಿಣಿಯಾಗಿದ್ದಳೆಂಬುದನ್ನು ಮರೆಯಲಾಗದು.

೧೮೯೬-೯೭ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮ ಬಿತ್ತು. ಮಸಣಕ್ಕೆ ತಾಯಿಯನ್ನು ಹೊತ್ತವರಿಗೆ ಆ ಸುದ್ದಿ ಕೇಳಿ ಕೂರಲಾಗಲಿಲ್ಲ. ಹೋಗಿ ನೋಡಿದಾಗ, ಗಂಜಿಕೇಂದ್ರಗಳ ಸುತ್ತ ಹಸಿದ ಹುಡುಗಿಯರಿಗಾಗಿ ದಲ್ಲಾಳಿಗಳು ಹೊಂಚುಹಾಕುತ್ತಿದ್ದರು. ರಮಾಬಾಯಿಯವರು ಮುನ್ನೂರರಷ್ಟು ಹೆಣ್ಣುಮಕ್ಕಳನ್ನು ಕರೆತಂದರು. ಅದೇ ಕಾಲಕ್ಕೆ ಪುಣೆಯಲ್ಲಿ ಪ್ಲೇಗು ಹಬ್ಬಿದ್ದರಿಂದ ನಗರದಲ್ಲಿ ಅವರಿಗೆ ಎಡೆ ಸಿಗಲಿಲ್ಲ. ಪುಣೆಯಿಂದ ೩೦-೪೦ ಮೈಲಿ ದೂರದ ಕೇಡಗಾವಿನಲ್ಲಿ ಮೊದಲೇ ಕೊಂಡಿದ್ದ ನೂರು ಎಕರೆ ನೆಲದಲ್ಲಿ ಗುಡಿಸಲುಗಳು ಎದ್ದವು. ಅದೇ ಮುಕ್ತಿ ಸದನ. ಪ್ಲೇಗು ಆಸ್ಪತ್ರೆಯಲ್ಲಿ ತಮ್ಮ ಸದನದ ಹುಡುಗಿಯೊಬ್ಬಳಿಗೆ ಒದಗಿದ ಗತಿಯನ್ನು, ಹೆಂಗಸರ ಮಾನದ ವಿಷಯದಲ್ಲಿ ಸರಕಾರದ ಅಲಕ್ಷ್ಯವನ್ನು ಖಂಡಿಸಿ ಅವರು ಪತ್ರಿಕೆಗೆ ಬರೆದ ಪತ್ರದ ಮಾತು ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಗವರ್ನರು ಅದನ್ನು ಅಲ್ಲಗಳೆದರು. ಕ್ರೈಸ್ತರಾದುದರಿಂದ ಅವರು ಆಳುವವರ ಪಕ್ಷ ಸೇರಿದರೆಂದು ಭಾವಿಸಿದವರು ಈ ಪತ್ರವನ್ನು ನೆನೆಯಬೇಕು.

೧೯೦೦ರ ಗುಜರಾತಿನ ಕ್ಷಾಮದ ಬಳಿಕ ಮುಕ್ತಿಯ ನಿವಾಸಿಗಳ ಸಂಖ್ಯೆ ಎರಡು ಸಾವಿರವನ್ನು ಸಮೀಪಿಸಿತು. ಅದೊಂದು ಹೆಣ್ಣುಮಕ್ಕಳ ಊರೇ ಆಯಿತು. ಅಲ್ಲಿ ಬಾವಿ ತೋಡಿಸಿದರು, ಹೊಲ ಮಾಡಿಸಿದರು. ನೇಯ್ಗೆ, ಹೊಲಿಗೆ, ಹೈನು, ಎಣ್ಣೆಗಾಣ, ಮುದ್ರಣಾಲಯ ಎಲ್ಲವನ್ನೂ ಹೆಂಗಸರೇ ನಡೆಸಿದರು. ವಂಚಿತರಾಗಿ ಬೀದಿಗೆ ಬಿದ್ದವರಿಗೆ ಕೃಪಾ ಸದನ, ಮುದುಕಿಯರಿಗೆ ಮತ್ತು ಅಶಕ್ತರಿಗೆ ಪ್ರೀತಿ ಸದನ. ಕುರುಡಿಯರಿಗೂ ಓದು ಕೈಕೆಲಸಗಳ ಶಿಕ್ಷಣವಿತ್ತು. ಹಳೆಯ ಶಾರದಾ ಸದನದ ಮತನಿರಪೇಕ್ಷತೆ ಇಲ್ಲಿರಲಿಲ್ಲ. ಮುಕ್ತಿ ಸ್ಪಷ್ಟವಾಗಿ ಕ್ರೈಸ್ತ ಸಂಸ್ಥೆಯಾಗಿತ್ತು, ಅದರ ಶಿಸ್ತು ಕಟ್ಟುನಿಟ್ಟಾಗಿತ್ತು. ಅವರ ಹಿಂದೂ ಮಿತ್ರರು ಅವರನ್ನು ಮರೆತುದಕ್ಕೆ ಇದು ಮುಖ್ಯ ಕಾರಣ. ಕಾರಣ ನಿಜವಾದರೂ ಮರೆವು ನ್ಯಾಯವಲ್ಲ.

ಕನ್ನಡನಾಡಿನ ನಂಟು ಕೊನೆಗೆ ಇನ್ನೊಮ್ಮೆ ಕೂಡಿಬಂತು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲಬರ್ಗದಲ್ಲಿ, ೧೯೧೨ರ ಸುಮಾರಿಗೆ ಅವರು ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದು ಮನೋರಮೆಗೆ ಒಪ್ಪಿಸಿದರು. ತಾವು ಕೊನೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಬೈಬಲಿನ ಅನುವಾದಕ್ಕೆ ತೊಡಗಿದರು. ೧೯೨೧ರ ಜುಲೈಯಲ್ಲಿ ಮನೋರಮೆ ತೀರಿಕೊಂಡಳು. ಇಡೀ ಕುಟುಂಬವನ್ನು ಒಬ್ಬೊಬ್ಬರಾಗಿ ಕಳಿಸಿಕೊಟ್ಟ ರಮಾಬಾಯಿಯವರು ಮಗಳನ್ನೂ ಕಳಿಸಿಕೊಟ್ಟರು. ಅನುವಾದದ ಕೆಲಸ ಮುಗಿಸಿ ೧೯೨೨ರ ಏಪ್ರಿಲ್ ೫ರಂದು ಕಣ್ಮುಚ್ಚಿದರು. ೧೯೮೯ರಲ್ಲಿ ಭಾರತ ಸರಕಾರ ಅವರ ನೆನಪಿಗೆ ಅಂಚೆಚೀಟಿಯೊಂದನ್ನು ಹೊರಡಿಸಿತು. ಕೇಡಗಾವಿನ ಸಂಸ್ಥೆ ಅವರ ನಂತರವೂ ನಡೆದು ಬಂದಿದೆ.

ಮನೆಯೊಳಗಿನ ಹಿಂಸೆ ಮನೆಯವರ ಸ್ವಂತ ವಿಷಯವಲ್ಲವೆಂದು ನಮ್ಮ ದೇಶದ ಕಾನೂನು ವಿವರವಾಗಿ ಹೇಳಿದ್ದು ೨೦೦೫ರಲ್ಲಿ. ಆ ವರ್ಷದ ಕಾಯಿದೆ, ಹೊಡೆತ ತಿಂದ ಹೆಂಗಸಿಗೆ ತಾನಿದ್ದ ಮನೆಯಲ್ಲಿಯೇ ವಾಸಿಸುವ ಹಕ್ಕನ್ನು ಕೊಟ್ಟಿತು. ಆಕೆ ಆಶ್ರಯ ಬೇಡಿ ಬಂದಾಗ ಆಶ್ರಯಗೃಹ ಒಳಗೆ ಸೇರಿಸಿಕೊಳ್ಳಬೇಕೆಂದೂ ವಿಧಿಸಿತು. ಚೌಪಾಟಿಯ ಮನೆಯ ಬಾಗಿಲು ತೆರೆದು ಆ ಹೊತ್ತಿಗೆ ೧೧೬ ವರ್ಷಗಳಾಗಿದ್ದವು. ಕಾನೂನು ಬಾಗಿಲನ್ನು ತೋರಿಸಬಲ್ಲದು. ರಾತ್ರಿಯ ಹೊತ್ತು ಮಗುವನ್ನೆತ್ತಿಕೊಂಡು ಬಂದು ತಟ್ಟುವವಳಿಗೆ ಒಳಗಿನಿಂದ ಎದ್ದು ಬಂದು ಅಗುಳಿ ತೆಗೆಯುವ ಕೈ ಬೇಕು. ಅವಳ ಜಾತಿ, ಮತ, ತಪ್ಪು ಒಪ್ಪುಗಳ ವಿಚಾರಣೆಗೆ ಮೊದಲು ಅವಳಿಗೆ ಅನ್ನವಿಕ್ಕುವ ಮನಸ್ಸು ಬೇಕು. ಬುಟ್ಟಿಯಲ್ಲಿ ಕುಳಿತು ಗಂಗಾಮೂಲದ ಬೆಟ್ಟವಿಳಿದ, ಇಪ್ಪತ್ತು ವರ್ಷ ಮಂಟಪಗಳಲ್ಲಿ ಮಲಗಿದ ಆ ಕೂಸು ಬೆಳೆದು ಸಾವಿರಾರು ಹೆಣ್ಣುಮಕ್ಕಳಿಗೆ ತೌರಾಯಿತು. ತೌರಿನ ಹಾಡುಗಳನ್ನು ಓದುವಾಗ ನಮ್ಮ ವಿದ್ಯಾರ್ಥಿಗಳು ಈ ತಾಯಿಯನ್ನೂ ನೆನೆಯಲಿ.